ಹೆಸರು ತಿಳಿಯದೆ ಕೊಡಲಿ ಎತ್ತದಿರೋಣ

(ಬೆಂಗಳೂರಿನ ಹೊರವಲಯದಲ್ಲಿ ಓದುತ್ತಿರುವ, ದುಡಿಯುತ್ತಿರುವ ಮಲೆನಾಡಿನ ತರುಣ ತರುಣಿಯರನ್ನು ಉದ್ದೇಶಿಸಿ ವೈಟ್‌ಫೀಲ್ಡ್‌ನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮರದ ಬುಡದಲ್ಲಿ ಹುಡಿ ಉದುರಿದೊಡನೆ ‘ಹುಳು ಬಿದ್ದಿದೆ’ ಎಂದು ಹೇಳಿಬಿಡುತ್ತೇವೆ. ಯಾವ ಹುಳು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಒಂದೇ ಕುಟುಂಬಕ್ಕೆ ಸೇರಿದ ಎರಡು ದುಂಬಿಗಳಲ್ಲಿ ಒಂದು ಹೊಕ್ಕ ಗಿಡವನ್ನು ಕಿತ್ತು ಸುಡಬೇಕಾಗುತ್ತದೆ. ಇನ್ನೊಂದು ಹೊಕ್ಕ ಮರವನ್ನು ಸಕಾಲದಲ್ಲಿ ನೋಡಿದರೆ ಉಳಿಸಿಕೊಳ್ಳಬಹುದು. ಹೆಸರು ತಪ್ಪಿದರೆ ಉಪಚಾರವೂ ತಪ್ಪುತ್ತದೆ. ವರ್ಗೀಕರಣ ವಿಜ್ಞಾನವು ಕೃಷಿಕನಿಗೂ ಬೇಕಾಗುವುದು ಈ ಕಾರಣಕ್ಕೆ.

ನಾನು ಹೇಳುತ್ತಿರುವ ಕುಟುಂಬದ ಹೆಸರು ಸೆರಾಂಬಿಸಿಡೇ. ಕನ್ನಡದಲ್ಲಿ ನೀಳಮೀಸೆಯ ದುಂಬಿಗಳೆನ್ನೋಣ. ಜಗತ್ತಿನಲ್ಲಿ ಇವುಗಳ 35,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಭಾರತದ ಪ್ರಭೇದಗಳ ಬಗ್ಗೆ ಗಹನ್ ಎಂಬ ವಿದ್ವಾಂಸರು 1906ರಲ್ಲಿ ಬರೆದ ಸಂಪುಟ ಇಂದಿಗೂ ಉಪಯುಕ್ತ. 2017ರಲ್ಲಿ ಪ್ರಕಟವಾದ ಭಾರತದ ಪಟ್ಟಿಯಲ್ಲಿ ಒಂದೂವರೆ ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ. ಬೆಳೆಗೆ ಮುಳುವಾದವು ಇವುಗಳಲ್ಲಿ ಕೆಲವು ಮಾತ್ರ. ಬಹುಪಾಲು ದುಂಬಿಗಳ ಮರಿಗಳು ಸತ್ತ ಅಥವಾ ಸಾಯುತ್ತಿರುವ ಮರವನ್ನು ಮಣ್ಣಿಗೆ ಮರಳಿಸುವ ಕಾಡಿನ ಕೆಲಸಗಾರರು.

ಗುರುತಿಸುವುದು ಹೇಗೆ? ಮೀಸೆಯ ಉದ್ದವೊಂದನ್ನೇ ನಂಬುವಂತಿಲ್ಲ. ಕಣ್ಣಿನಲ್ಲಿ ಒಂದು ಕಚ್ಚು ಇದ್ದು, ಮೀಸೆಯ ಬುಡ ಆ ಕಚ್ಚಿನೊಳಗಿಂದ ಎದ್ದಂತೆ ಕಾಣುವುದು ಈ ಕುಟುಂಬದ ಬಹುತೇಕ ದುಂಬಿಗಳ ಲಕ್ಷಣ. ಪಾದದಲ್ಲಿ ನಾಲ್ಕೇ ಗಿಣ್ಣುಗಳಿರುವಂತೆ ತೋರುತ್ತದೆ. ವಾಸ್ತವದಲ್ಲಿ ಐದಿದ್ದು, ನಾಲ್ಕನೆಯದು ಮೂರನೆಯದರ ಸೀಳಿನಲ್ಲಿ ಅಡಗಿರುತ್ತದೆ. ಮುಂದಿನ ಹೆಜ್ಜೆ ಉಪಕುಟುಂಬ. ಮುಖ ನೆಟ್ಟಗೆ ಕೆಳಮುಖವಾಗಿದ್ದು, ಬಾಯಿಯ ಬಳಿಯ ಕಿರುಮೀಸೆಯ ತುದಿ ಚೂಪಾಗಿದ್ದರೆ ಅದು ಲೇಮಿಯಿನೇ. ಮುಖ ಮುಂದಕ್ಕೆ ಓರೆಯಾಗಿದ್ದು, ಕಿರುಮೀಸೆಯ ತುದಿ ಕತ್ತರಿಸಿದಂತೆ ಮೊಂಡಾಗಿದ್ದರೆ ಸೆರಾಂಬಿಸಿನೇ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವೊಂದಿದ್ದರೆ ಇಷ್ಟನ್ನು ಪ್ರೌಢಶಾಲೆಯ ಮಕ್ಕಳೂ ನೋಡಬಲ್ಲರು.

ಈಗ ನಮ್ಮ ಮನೆಯ ಶತ್ರುವಿನ ವಿಷಯ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕವನ್ನು ಶೆವ್ರೊಲಾ ಎಂಬ ಫ್ರೆಂಚ್ ವಿಜ್ಞಾನಿ 1863ರಲ್ಲಿ ಝೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂದು ಹೆಸರಿಸಿದರು. ‘ನಾಲ್ಕು ಕಾಲಿನದು’ ಎಂಬರ್ಥದ ಹೆಸರಿದ್ದರೂ ಅದಕ್ಕೆ ಕಾಲುಗಳು ಆರೇ. ವೈಜ್ಞಾನಿಕ ಹೆಸರು ವರ್ಣನೆಯಲ್ಲ, ವಿಳಾಸ. ಇದು ಸೆರಾಂಬಿಸಿನೇ ಉಪಕುಟುಂಬದ್ದು. ಕಪ್ಪು ಮೈ, ಮೇಲೆ ಬಿಳಿ ಪಟ್ಟೆಗಳು, ಮೀಸೆ ಮೈಗಿಂತ ಗಿಡ್ಡ, ಹಣೆಯ ಮೇಲೆ ಏಣುಗಳು. ಬಿದಿರು ಕೊರೆಯುವ ಕ್ಲೋರೋಫೋರಸ್ ಆನ್ಯುಲಾರಿಸ್ ಇದರ ಹತ್ತಿರದ ಬಂಧು. ಹಳದಿ ಮೈಯ ಆ ದುಂಬಿಯ ಹಣೆಯಲ್ಲಿ ಇಂಥ ಏಣುಗಳಿಲ್ಲ. ಅದನ್ನು ತೋಟದಲ್ಲಿ ಕಂಡು ಗಾಬರಿಯಾಗಬೇಕಿಲ್ಲ.

ಬಿಳಿ ಕಾಂಡಕೊರಕದ ಮರಿ ಹುಡಿಯನ್ನು ಹೊರಗೆ ಚೆಲ್ಲುವುದಿಲ್ಲ, ಸುರಂಗದೊಳಗೇ ಗಿಡಿದು ತುಂಬುತ್ತದೆ. ಆದ್ದರಿಂದ ತೊಗಟೆಯ ಮೇಲೆ ಎದ್ದ ಏರುಗಳನ್ನೂ ಹಳದಿಗೆ ತಿರುಗಿದ ಎಲೆಗಳನ್ನೂ ನೋಡಿ ಗಿಡವನ್ನು ಪತ್ತೆಹಚ್ಚಬೇಕು. ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲಿ. ಅದಕ್ಕೂ ಮುನ್ನ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಗಿಡವನ್ನು ಕಿತ್ತು ಸುಟ್ಟರೆ ಮಾತ್ರ ನೆರೆಯ ಗಿಡ ಉಳಿಯುತ್ತದೆ. ಬಿಸಿಲು ಬೀಳುವ ಕಾಂಡವೆಂದರೆ ಇದಕ್ಕೆ ಇಷ್ಟ; ನೆರಳಿನ ಮರ ಕಡಿದವನು ಅದಕ್ಕೆ ಬಾಗಿಲು ತೆರೆದಂತೆ.

ಕಾಂಡದ ತೂತಿನಿಂದ ಗುಳಿಗೆಯಂಥ ಹಿಕ್ಕೆ ಉದುರುತ್ತಿದ್ದರೆ, ಒಳಗಿರುವುದು ಬಹುಶಃ ಕೆಂಪು ಕೊರಕ. ಅದು ದುಂಬಿಯೇ ಅಲ್ಲ, ಝ್ಯೂಝೆರಾ ಕಾಫಿಯೇ ಎಂಬ ಪತಂಗದ ಕಂಬಳಿಹುಳು. ಅದಕ್ಕೆ ಸ್ಪಷ್ಟವಾದ ಕಾಲುಗಳಿವೆ. ನೀಳಮೀಸೆ ದುಂಬಿಯ ಮರಿಯಾದರೋ ಬಿಳಿಯದು, ಕಾಲಿಲ್ಲದಂತೆಯೇ ಕಾಣುವುದು.

ಇನ್ನು ನೀವು ದಿನವೂ ಹಾದುಹೋಗುವ ಮರಗಳ ಮಾತು. ಈ ಭಾಗದ ಬಡಾವಣೆಗಳಲ್ಲಿ ಅಳಿದುಳಿದ ಮಾವು, ಹಲಸು, ಅತ್ತಿ ಮರಗಳನ್ನು ಕೊರೆಯುವ ಮುಖ್ಯ ದುಂಬಿ ಬ್ಯಾಟೊಸೆರಾ ರೂಫೋಮ್ಯಾಕುಲೇಟಾ. 1775ರಲ್ಲಿ ಡಿ ಗೀರ್ ಹೆಸರಿಸಿದ್ದು. ಇದು ಲೇಮಿಯಿನೇ ಉಪಕುಟುಂಬದ್ದು. ಬೂದು ಮೈ, ನಾಲ್ಕೈದು ಸೆಂಟಿಮೀಟರ್ ಉದ್ದ, ಕುತ್ತಿಗೆಯ ಕವಚದ ಮೇಲೆ ಎರಡು ಕಿತ್ತಳೆ ಮಚ್ಚೆ, ಅದರ ಪಕ್ಕಗಳಲ್ಲಿ ಮುಳ್ಳು, ಹೊದಿಕೆ ರೆಕ್ಕೆಯ ಬುಡದಲ್ಲಿ ಹೊಳೆಯುವ ಕರಿಗುಳ್ಳೆಗಳು. ಇದರ ಮರಿ ನಾರುನಾರಾದ ಹುಡಿಯನ್ನು ಹೊರಗೆ ತಳ್ಳುವುದರಿಂದ ತೂತು ಸುಲಭವಾಗಿ ಸಿಗುತ್ತದೆ. ಆರಂಭದಲ್ಲೇ ಕೊಕ್ಕೆತಂತಿಯಿಂದ ಮರಿಯನ್ನು ಎಳೆದು ತೆಗೆದು ತೂತು ಮುಚ್ಚಿದರೆ ಮರ ಚೇತರಿಸಿಕೊಳ್ಳಬಲ್ಲದು. ಹುಡಿ ಕಂಡ ಮಾತ್ರಕ್ಕೆ ಇಡೀ ಮರವನ್ನು ಉರುಳಿಸುವುದು ಅವಸರದ ಅನ್ಯಾಯ.

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವವರಿಗೆ ಮೂರನೆಯ ಮಾತು. ಯಂತ್ರಗಳು ಬರುವ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳ ಮೇಲೆ ತೆನೆಯ ಗುರುತಿನ ಮುದ್ರೆಯನ್ನು ನೋಡಿರಬಹುದು. ಅದರ ಹಿಂದೆ ಒಂದು ದುಂಬಿಯ ಕಥೆಯಿದೆ. ಅನೋಪ್ಲೋಫೋರಾ ಗ್ಲಾಬ್ರಿಪೆನಿಸ್ ಎಂಬ ಏಷ್ಯಾದ ನೀಳಮೀಸೆ ದುಂಬಿ ಸರಕಿನ ಮರದೊಳಗೆ ಕುಳಿತು ಅಮೆರಿಕ ತಲುಪಿತು. 1996ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾಯಿತು. ಅದನ್ನು ತಡೆಯಲು ಸಾವಿರಾರು ಮರಗಳನ್ನು ಕಡಿಯಬೇಕಾಯಿತು. 2002ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ನಿಯಮದಂತೆ ಇಂಥ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಬೇಕು, ಇಲ್ಲವೇ ಒಪ್ಪಿತವಾದ ಬೇರೆ ಉಪಚಾರ ಮಾಡಬೇಕು. ಈ ನಿಯಮ ದೇಶದ ಗಡಿ ದಾಟುವ ಮರಕ್ಕೆ. ಮುದ್ರೆಯಿಲ್ಲದ ಹಳೆಯ ಪೆಟ್ಟಿಗೆಯನ್ನು ಅಗ್ಗವೆಂದು ಊರಿಗೆ ಸಾಗಿಸುವ ಮುನ್ನ ತೂತುಗಳನ್ನು ನೋಡಿ. ಸ್ಟ್ರೊಮೇಶಿಯಂ ಬಾರ್ಬೇಟಮ್‌ನಂಥ ದುಂಬಿಗಳು ಒಣಮರದಲ್ಲಿ ವರ್ಷಗಟ್ಟಲೆ ಅಡಗಿದ್ದು ಹೊರಬರಬಲ್ಲವು.

ಕೊನೆಯದಾಗಿ, ನಿಮ್ಮಿಂದ ಆಗಬಹುದಾದ ಕೆಲಸ. ದುಂಬಿ ಸಿಕ್ಕರೆ ಮೇಲಿನಿಂದ, ಮುಖದಿಂದ, ಹೊಟ್ಟೆಯ ಕಡೆಯಿಂದ ಚಿತ್ರ ತೆಗೆಯಿರಿ. ದಿನಾಂಕ, ಸ್ಥಳ, ಮರದ ಹೆಸರು, ತೂತಿನ ಎತ್ತರ, ಹುಡಿಯ ಸ್ವರೂಪ ಬರೆದಿಡಿ. ಹಲವು ಪ್ರಭೇದಗಳನ್ನು ಚಿತ್ರದಿಂದಷ್ಟೇ ನಿರ್ಧರಿಸಲಾಗದು; ಮಾದರಿಯೇ ಬೇಕು. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ನಿಮಗೆ ಬಸ್ಸಿನ ದೂರದಲ್ಲಿವೆ. ಕಾಫಿಯ ಕೀಟವಾದರೆ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಿದೆ. ತೋಟದಲ್ಲಿ ಗಿಡ ತಪಾಸಣೆ ಮಾಡುತ್ತಿದ್ದ ಎಳೆಯ ಕೈಗಳು ಇಂದು ಈ ಕಾರ್ಖಾನೆಗಳಲ್ಲಿವೆ. ಊರಲ್ಲಿ ಉಳಿದಿರುವವರು ವಯಸ್ಸಾದವರು. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಒಂದೆರಡು ದಿನ ರಜೆ ಹಾಕಿ ಊರಿಗೆ ಬನ್ನಿ. ಅಪ್ಪ ಅಮ್ಮನ ಜೊತೆ ಸಾಲು ಹಿಡಿದು ಗಿಡ ನೋಡಿ. ಎಳೆಯ ಕಣ್ಣಿಗೆ ತೊಗಟೆಯ ಏರು ಬೇಗ ಕಾಣುತ್ತದೆ.