ನಮ್ಮ ಬೋರ್‌ವೆಲ್ ನೀರು, ನಮ್ಮ ಮೂಳೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಮೇಷ್ಟ್ರು ಹೇಳಿದ್ದರು. ಅದನ್ನು ಈ ಮಕ್ಕಳು ಮೊಬೈಲಿನಲ್ಲೇ ಕಲಿತುಬಿಡುತ್ತಾರೆ. ನಾನು ನೀರಿನ ವಿಷಯ ಮಾತಾಡುತ್ತೇನೆ. ನಾನು ಡಾಕ್ಟರಲ್ಲ, ಓದಿದ್ದು ಬಿ.ಇ. ಸಂಶೋಧಕರು ಬರೆದದ್ದನ್ನು ಓದಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ.

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯವರಿಗೆ ಫ್ಲೋರೈಡ್ ಎಂಬ ಪದ ಹೊಸದಲ್ಲ. ನಮ್ಮ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಸಂದುಗಳಲ್ಲಿ ಬಹುಕಾಲ ನಿಂತ ನೀರಿಗೆ ಬಂಡೆಯಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. 1937ರಲ್ಲಿ ಶಾರ್ಟ್ ಎಂಬ ವೈದ್ಯರೂ ಸಂಗಡಿಗರೂ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ಮೂಳೆರೋಗವನ್ನು ಗುರುತಿಸಿ ವರದಿ ಮಾಡಿದರು.

ಕುಡಿದ ಫ್ಲೋರೈಡ್ ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತದೆ. ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ. ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಮೂಳೆಯಲ್ಲಿ ಉಳಿಯುತ್ತದೆ, ಬೆಳೆಯುವ ಮಕ್ಕಳಲ್ಲಿ ಇನ್ನೂ ಹೆಚ್ಚು. ಅದು ಮೂಳೆಯ ಹರಳಿನೊಳಗೇ ಸೇರಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ದಪ್ಪವಾಗಿ, ಗಟ್ಟಿಯಾಗಿ ಕಾಣುತ್ತದೆ, ಆದರೆ ಒಳಗೆ ಪೆಡಸಾಗಿರುತ್ತದೆ. ಕೀಲುಗಳನ್ನು ಹಿಡಿದಿರುವ ನಾರುಗಳಲ್ಲೂ ಸುಣ್ಣ ಕಟ್ಟಿಕೊಂಡು, ಕೊನೆಗೆ ಬೆನ್ನು ಬಗ್ಗುವುದಿಲ್ಲ, ಕತ್ತು ತಿರುಗುವುದಿಲ್ಲ.

ಹಲ್ಲಿನ ಕಲೆಯ ಕಥೆ ಬೇರೆ. ಹಲ್ಲಿನ ಮೇಲ್ಪದರ ತಯಾರಾಗುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ ಕುಡಿದ ನೀರು ಮಾತ್ರ ಆ ಕಲೆ ಮಾಡುತ್ತದೆ. ಒಳ್ಳೆಯ ನೀರಿನ ಊರಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಬೆಳ್ಳಗೇ ಇರುತ್ತದೆ. ಹಾಗೆಂದು ಆಕೆಯ ಸೊಂಟ, ಮೊಣಕಾಲು ಬಚಾವಾದವು ಎಂದುಕೊಳ್ಳಬೇಡಿ.

ಒಂದೇ ಬಾವಿಯ ನೀರು ಕುಡಿದ ಅಣ್ಣತಮ್ಮಂದಿರಲ್ಲಿ ಒಬ್ಬ ಬಾಗಿ, ಇನ್ನೊಬ್ಬ ನೆಟ್ಟಗಿರುವುದೇಕೆ? ಸಂಶೋಧಕರನ್ನು ಬಹಳ ಕಾಡಿದ ಪ್ರಶ್ನೆ ಇದು. ಎಷ್ಟು ನೀರು ಕುಡಿಯುತ್ತಾರೆ, ಬಿಸಿಲಲ್ಲಿ ಎಷ್ಟು ದುಡಿಯುತ್ತಾರೆ, ಮೂತ್ರಪಿಂಡ ಹೇಗಿದೆ, ಊಟದಲ್ಲಿ ಕ್ಯಾಲ್ಸಿಯಂ ಎಷ್ಟು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ಫ್ಲೋರೈಡ್ ಪ್ರದೇಶದಲ್ಲಿ ಮೊಣಕಾಲು ಒಳಕ್ಕೆ ಬಾಗಿದವರ ಮೂಳೆ ಸವೆದಿರುವುದನ್ನು ವರದಿ ಮಾಡಿದರು. ನೀರು ಕೆಟ್ಟರೆ ಬಡವನ ಮಗುವಿಗೇ ಹೆಚ್ಚು ಪೆಟ್ಟು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಮುದ್ದೆ ಬಿಟ್ಟು ಬಿಸ್ಕತ್ತು ಹಿಡಿದ ಮನೆಗಳಿಗೆ ಇದನ್ನು ಹೇಳಲೇಬೇಕು.

ಅದೇ ಸಂಸ್ಥೆಯ ಇನ್ನೊಂದು ಪ್ರಯೋಗ ನಮಗೆ ಹತ್ತಿರದ್ದು. ಹೈದರಾಬಾದಿನ ಒಂದು ಬಾಲಕರ ಹಾಸ್ಟೆಲಿನಲ್ಲಿ ಆರೋಗ್ಯವಂತ ಹುಡುಗರಿಗೆ 18 ದಿನ, ಮಧ್ಯಾಹ್ನದ ಊಟದ ಜೊತೆ 10 ಗ್ರಾಂ ಹುಣಸೆಹಣ್ಣು ಕೊಟ್ಟು ಮೂತ್ರ ಪರೀಕ್ಷಿಸಿದರು. ದಿನಕ್ಕೆ 3.5 ಮಿಲಿಗ್ರಾಂ ಹೊರಹೋಗುತ್ತಿದ್ದ ಫ್ಲೋರೈಡ್ 4.8ಕ್ಕೆ ಏರಿತ್ತು. 2002ರಲ್ಲಿ ಇದು ಪ್ರಕಟವಾಯಿತು. ಹುಣಸೆಮರಗಳ ಸೀಮೆಯವರು ನಾವು, ಕೇಳಿ ಖುಷಿಯಾಗುತ್ತದೆ. ಆದರೆ ಸಾರಿಗೆ ಹುಳಿ ಜಾಸ್ತಿ ಹಿಂಡಿದರೆ ರೋಗ ವಾಸಿಯಾಗುತ್ತದೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಒಮ್ಮೆ ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಮಾತ್ರೆ ಇಲ್ಲ. ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ನಡಿಗೆ ಸುಧಾರಿಸಬಹುದು, ಅಷ್ಟೇ.

ಹಾಗಾಗಿ ನೀರಿಗೇ ಬರಬೇಕು. ನಮ್ಮ ದೇಶದ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಶುದ್ಧ ನೀರಿನ ಘಟಕ ತೆಗೆಯುತ್ತದೆ, ಆದರೆ ಅದರ ಪೊರೆ ಸವೆದರೆ ಕುಡಿದು ನೋಡಿ ಗೊತ್ತಾಗುವುದಿಲ್ಲ. ಅಳೆಯಲೇಬೇಕು.

ಹನಿ ದ್ರಾವಣ ಬಿಟ್ಟು, ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸುವ ಕಿಟ್ ಸಿಗುತ್ತದೆ. ಒಂಬತ್ತನೇ ತರಗತಿಯ ಮಕ್ಕಳೇ ವಿಜ್ಞಾನದ ಮೇಷ್ಟ್ರ ಜೊತೆ ಮಾಡಬಹುದು. ಹಳೆಯ ವಿದ್ಯಾರ್ಥಿಗಳು ಸೇರಿ ಕಿಟ್ ಕೊಡಿಸೋಣ, ಮೊದಲ ವರ್ಷದ ಖರ್ಚು ನನ್ನದು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಶಾಲೆಯ ನೀರನ್ನೂ ಊರಿನ ಘಟಕದ ನೀರನ್ನೂ ಅಳೆಯಲಿ. ಬಂದ ಸಂಖ್ಯೆಯನ್ನು ತಾರೀಖಿನ ಸಮೇತ ಶಾಲೆಯ ಗೇಟಿನ ಬಳಿ, ದಾರಿಯಲ್ಲಿ ಹೋಗುವವರಿಗೂ ಕಾಣುವಂತೆ ಬರೆಯಲಿ. 1.5 ದಾಟಿದ ದಿನ ಅದೇ ಸಂಖ್ಯೆ ಹಿಡಿದು ಪಂಚಾಯ್ತಿಗೆ ಹೋಗೋಣ.