ತಾಲೀಮು ಎಂದರೆ ಕಲಿಕೆ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕುಸ್ತಿ, ಕರಾಟೆಯಂಥ ವಿದ್ಯೆಗಳಿಂದ ಮಕ್ಕಳಲ್ಲಿ ಮನೋಬಲ ಮತ್ತು ಶಿಸ್ತು ಬೆಳೆಯುವುದು ಹೇಗೆ ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನಗೆ ಸೂಚಿಸಿದ್ದಾರೆ. ಶಾಲೆಯ ಹಬ್ಬದಲ್ಲಿ ಕುಸ್ತಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಭಾಗದಲ್ಲಿ ಗರಡಿ ಮನೆಗೆ ತಾಲೀಮು ಅನ್ನುತ್ತೇವೆ. ಅದು ಅರಬ್ಬಿಯಿಂದ ಬಂದ ಮಾತು. ಅದರ ಅರ್ಥ ಶಿಕ್ಷಣ. ನಿಜಾಮರ ಆಡಳಿತದಲ್ಲಿ ಶಿಕ್ಷಣ ಇಲಾಖೆಯ ಹೆಸರಿನಲ್ಲಿಯೂ ಇದೇ ಮಾತಿತ್ತು. ಅಕ್ಷರ ಕಲಿಯುವುದೂ ತಾಲೀಮು, ಪಟ್ಟು ಕಲಿಯುವುದೂ ತಾಲೀಮು.

ಇದು ನಮ್ಮ ನೆಲಕ್ಕೆ ಹೊಸದಲ್ಲ. ಸುಮಾರು 900 ವರ್ಷಗಳ ಹಿಂದೆ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ರಚಿಸಿದ. ಅದರಲ್ಲಿ ಮಲ್ಲರಿಗಾಗಿಯೇ ಒಂದು ಭಾಗವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವಿಂಗಡಿಸುವುದು, ಅವರಿಗೆ ಏನು ಉಣಿಸುವುದು, ಯಾವ ಯಾವ ವ್ಯಾಯಾಮ ಮಾಡಿಸುವುದು ಎಲ್ಲವೂ ಅಲ್ಲಿ ಬಂದಿದೆ. ಕಂಬದ ಮೇಲಿನ ವ್ಯಾಯಾಮವೂ ಇದೆ. ದೊರೆಯೊಬ್ಬ ಇಷ್ಟು ವಿವರವಾಗಿ ಬರೆದನೆಂದರೆ, ಬಲವೂ ಕ್ರಮವಾಗಿ ಕಲಿಯಬೇಕಾದ ವಿದ್ಯೆ ಎಂದೇ ಅವನು ತಿಳಿದಿದ್ದ.

ತಾಲೀಮಿಗೆ ಹೊಸದಾಗಿ ಬಂದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಕೈಗೆ ಸಲಿಕೆ ಕೊಡುತ್ತಾರೆ. ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿದ ಕೆಂಪು ಮಣ್ಣನ್ನು ದಿನಾಲೂ ಅಗೆದು, ಮೃದು ಮಾಡಿ, ಸಮ ಮಾಡಬೇಕು. ತಾನು ಬೀಳುವ ಮಣ್ಣನ್ನು ತಾನೇ ಹದ ಮಾಡಬೇಕು. ತನ್ನ ಜೋಡಿ ಬೀಳುವುದೂ ಅದರಲ್ಲಿಯೇ. ಆಮೇಲೆ ದಂಡ, ಬೈಠಕ್. ಇವತ್ತು 20, ಮುಂದಿನ ವಾರ 25. ಒಂದು ದಿನ ತಪ್ಪಿಸಿದರೆ ಮೈಯೇ ಮರುದಿನ ಹೇಳಿಬಿಡುತ್ತದೆ. ಶಿಸ್ತು ಎಂದರೆ ಇದೇ. ಯಾರೂ ಬೆತ್ತ ಹಿಡಿದು ನಿಂತಿಲ್ಲದಾಗಲೂ ಬೆಳಿಗ್ಗೆ ಎದ್ದು ಬರುವುದು.

ಇನ್ನು ಸೋಲಿನ ಮಾತು. ನಮ್ಮ ಜಾತ್ರೆಗಳ ಕುಸ್ತಿ ನೋಡಿದ್ದೀರಿ. ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುತ್ತದೆ. ಊರೆಲ್ಲ ನೋಡುತ್ತಿರುವಾಗ ಬೆನ್ನು ಮಣ್ಣಿಗೆ ಹತ್ತುತ್ತದೆ. ಬಿದ್ದವನು ಏಳುತ್ತಾನೆ, ಮಣ್ಣು ಕೊಡವುತ್ತಾನೆ, ಗೆದ್ದವನ ಕೈ ಕುಲುಕುತ್ತಾನೆ, ಮರುದಿನ ಮತ್ತೆ ತಾಲೀಮಿಗೆ ಬರುತ್ತಾನೆ. ಹತ್ತನೆಯ ತರಗತಿಯ ಫಲಿತಾಂಶದ ದಿನ ಎಷ್ಟು ಮನೆಗಳಲ್ಲಿ ತಂದೆತಾಯಿ ಜೀವ ಕೈಯಲ್ಲಿ ಹಿಡಿದು ಕೂಡುತ್ತಾರೆ ಎಂಬುದು ನಿಮಗೆ ಗೊತ್ತು. ಅಂಕ ಕಡಿಮೆ ಬಂದರೆ ಬದುಕೇ ಮುಗಿಯಿತು ಎಂದುಕೊಳ್ಳುವ ಮಗುವಿಗೆ, ನೂರು ಸಲ ಬಿದ್ದು ನೂರು ಸಲ ಎದ್ದ ಅನುಭವ ಮೈಯಲ್ಲಿ ಇರಬೇಕು. ಬರೀ ಬುದ್ಧಿಮಾತಿನಿಂದ ಅದು ಬರುವುದಿಲ್ಲ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಬಲ ಬಂದವರೆಲ್ಲ ಒಳ್ಳೆಯವರಾಗುವುದಿಲ್ಲ. ತೋಳಿನ ಬಲವನ್ನು ಜಗಳಕ್ಕೆ, ಚುನಾವಣೆಗೆ ಬಾಡಿಗೆ ಕೊಡುವವರೂ ಇದ್ದಾರೆ. ವ್ಯತ್ಯಾಸ ಇರುವುದು ಕಲಿಸುವವರಲ್ಲಿ. ಕರಾಟೆಯ ಕಥೆ ನೋಡಿ. ಜಪಾನಿನ ಒಕಿನಾವಾ ದ್ವೀಪದಲ್ಲಿ ಗುಟ್ಟಾಗಿ ಕಲಿಸುತ್ತಿದ್ದ ಈ ವಿದ್ಯೆಯನ್ನು 1901ರಲ್ಲಿ ಇತೊಸು ಎಂಬ ಗುರು ಶಾಲೆಯೊಳಗೆ ತಂದರು. ಮುಂದೆ ಅದನ್ನು ಟೋಕಿಯೊಗೆ ಒಯ್ದು ಹಬ್ಬಿಸಿದ ಫುನಾಕೋಶಿ ಸ್ವತಃ ಶಾಲಾ ಮಾಸ್ತರರಾಗಿದ್ದವರು. ಕರಾಟೆ ಕಲಿತವನ ಕೈ ತಾನಾಗಿ ಮೊದಲು ಏಳಬಾರದು, ನಮಸ್ಕಾರದಿಂದಲೇ ಶುರು, ನಮಸ್ಕಾರದಿಂದಲೇ ಮುಕ್ತಾಯ ಎಂಬುದು ಅವರ ಬೋಧನೆ. ಹೊಡೆಯುವ ಶಕ್ತಿ ಇದ್ದೂ ಹೊಡೆಯದೆ ನಿಲ್ಲುವುದು, ಅದೇ ಮನೋಬಲ. ನಮ್ಮ ತಾಲೀಮಿನಲ್ಲಿಯೂ ಒಳಗೆ ಕಾಲಿಡುವಾಗ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದು ಇದಕ್ಕೇ. ಆ ಮಣ್ಣಿನಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ಹುಡುಗರೂ ಒಬ್ಬರ ಬೆವರು ಒಬ್ಬರು ಒರೆಸಿಕೊಂಡು ಬೆಳೆದಿದ್ದಾರೆ.

ಈಗ ಹೆಣ್ಣುಮಕ್ಕಳ ವಿಷಯ. ಹಳೆಯ ತಾಲೀಮಿನ ಬಾಗಿಲು ಅವರಿಗೆ ತೆರೆದಿರಲಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ಇದೆ. ರಾಣಿ ಲಕ್ಷ್ಮೀಬಾಯಿಯ ಹೆಸರು ಅದಕ್ಕೆ. ಬಹಳ ಒಳ್ಳೆಯದು. ಆದರೆ ಅದರ ಅವಧಿ 3 ತಿಂಗಳು. 3 ತಿಂಗಳಲ್ಲಿ ನಿಲ್ಲುವ ಭಂಗಿ ಬರುತ್ತದೆ, ದನಿ ಎತ್ತುವ ಧೈರ್ಯ ಮೊಳೆಯುತ್ತದೆ. ಅಷ್ಟರಲ್ಲಿ ತರಬೇತಿ ಮುಗಿಯುತ್ತದೆ. ಮುಂದೆ ಕಾಲೇಜಿಗೆಂದು ಅಫಜಲಪುರಕ್ಕೋ ಕಲಬುರಗಿಗೋ ಬಸ್ಸಿನಲ್ಲಿ ಒಬ್ಬಳೇ ಹೋಗಿಬರುವ ಮಗಳಿಗೆ ಆ ಮೊಳಕೆ ಸಾಲದು, ಬೇರು ಬೇಕು. ಉಳಿದ 9 ತಿಂಗಳ ಹೊಣೆ ಯಾರದು?

ಇಲ್ಲಿ ಖಾಶಾಬಾ ಜಾಧವ ಅವರನ್ನು ನೆನೆಯಬೇಕು. ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ರೈತರ ಮನೆಯ ಹುಡುಗ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುಸ್ತಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದವರು. ಅಲ್ಲಿಗೆ ಹೋಗಲು ಅವರ ಹತ್ತಿರ ಹಣ ಇರಲಿಲ್ಲ. ಊರವರು ಪಟ್ಟಿ ಎತ್ತಿದರು. ಅವರು ಓದಿದ ಕೊಲ್ಹಾಪುರದ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಆ ಪದಕದ ಹಿಂದೆ ಒಬ್ಬ ಗುರು ಇದ್ದಾರೆ, ಒಂದು ಊರು ಇದೆ.

ನಾವು ಯಾರೂ ಮನೆ ಅಡವಿಡಬೇಕಿಲ್ಲ. ಈ ಶಾಲೆಯಲ್ಲಿ ಕಲಿತು ನೌಕರಿ, ವ್ಯಾಪಾರ, ಒಕ್ಕಲುತನದಲ್ಲಿ ನೆಲೆ ನಿಂತವರು ವರ್ಷಕ್ಕೆ ಇಷ್ಟು ಎಂದು ಕೂಡಿಸಿದರೆ ಸಾಕು. ಒಂದು ತಗಡಿನ ನೆರಳು, ಅದರ ಕೆಳಗೆ ಹದವಾದ ಮಣ್ಣು, ಹುಡುಗಿಯರಿಗೆ ವರ್ಷಪೂರ್ತಿ ಕಲಿಸಲು ಒಬ್ಬ ಮಹಿಳಾ ತರಬೇತುದಾರರು. ಊಟಕ್ಕೆ ಬದಾಮಿಯೇ ಬೇಕೆಂದಿಲ್ಲ; ನಮ್ಮ ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಒಂದು ಲೋಟ ಹಾಲು ಇದ್ದರೆ ಮಗು ಗಟ್ಟಿಯಾಗುತ್ತದೆ. ಕಲಿಸುವವರನ್ನು ಮಾತ್ರ ನಡತೆ ನೋಡಿ ಆರಿಸಿರಿ.

ಕಟ್ಟಡಕ್ಕೆ ಬಣ್ಣ ಹಚ್ಚಿದ್ದೀರಿ, ಕಮಾನು ಕಟ್ಟಿದ್ದೀರಿ, ಸಂತೋಷ. 50ರ ನೆನಪಿಗೆ ಇದನ್ನೂ ಮಾಡಿರಿ. ಮಕ್ಕಳೆ, ನೀವು ಅದಕ್ಕಾಗಿ ಕಾಯಬೇಡಿ. ನಾಳೆ ಬೆಳಿಗ್ಗೆ ಎದ್ದು ಹತ್ತು ಬೈಠಕ್ ಹೊಡೆಯಿರಿ, ನಾಡಿದ್ದು ಮರೆಯಬೇಡಿ.