ಏಳನೇ ಚೀಟಿ

1990ರ ಮಾರ್ಚ್ 11, ಭಾನುವಾರ. ಕೊಲಂಬಿಯಾದಲ್ಲಿ ಮತದಾನ. ಸೆನೆಟ್ಟಿಗೆ, ಕೆಳಮನೆಗೆ, ಮೇಯರ್ ಸ್ಥಾನಕ್ಕೆ ಎಂದು ಒಟ್ಟು ಆರು ಚೀಟಿ. ಅವತ್ತು ಲಕ್ಷಾಂತರ ಜನ ಏಳನೆಯದೊಂದನ್ನೂ ಮಡಚಿ ಪೆಟ್ಟಿಗೆಗೆ ಹಾಕಿದರು. ಅದು ಸರ್ಕಾರ ಕೊಟ್ಟದ್ದಲ್ಲ, ಪತ್ರಿಕೆಯಲ್ಲಿ ಅಚ್ಚಾಗಿದ್ದದ್ದನ್ನು ಕತ್ತರಿಸಿ ತಂದದ್ದು. ಹೊಸ ಸಂವಿಧಾನ ಬರೆಯಲು ಸಭೆ ಕರೆಯಿರಿ ಎಂಬುದಷ್ಟೇ ಅದರ ಬೇಡಿಕೆ. ಈ ಕೆಲಸಕ್ಕೆ ಕೈಹಾಕಿದವರು ಕಾಲೇಜಿನ ಹುಡುಗ ಹುಡುಗಿಯರು. ನಿಮ್ಮದೇ ವಯಸ್ಸು.

ಅವರ ಹೆಸರು ನಮಗೆ ಗೊತ್ತಿಲ್ಲ. ಅದೇ ದೇಶದ ಪಾಬ್ಲೊ ಎಸ್ಕೊಬಾರ್ ಮಾತ್ರ ಚೆನ್ನಾಗಿ ಗೊತ್ತು. ವೆಬ್ ಸರಣಿ ನೋಡಿದ್ದೇವೆ, ಅವನ ಮೀಸೆ ಟೀ-ಶರ್ಟಿನ ಮೇಲೂ ಬಂದಿದೆ. ಕೊಕೇನ್ ಮಾರಿ ದುಡ್ಡು ಮಾಡಿದ ಅವನಿಗೆ ದುಡ್ಡಷ್ಟೇ ಸಾಕಾಗಲಿಲ್ಲ, ಸಂಸತ್ತಿನಲ್ಲಿ ಜಾಗವೂ ಬೇಕಿತ್ತು. ಮೆಡೆಲಿನ್ ನಗರದ ಬಡ ಬಡಾವಣೆಗಳ ಫುಟ್‌ಬಾಲ್ ಮೈದಾನಗಳಿಗೆ ದೀಪ ಹಾಕಿಸಿದ, ಕೊಳೆಗೇರಿಯವರಿಗೆ ಮನೆ ಕಟ್ಟಿಸಿಕೊಟ್ಟ. ಜನ ದೇವರೆಂದರು. ಲೂಯಿಸ್ ಕಾರ್ಲೋಸ್ ಗಲಾನ್ ಎಂಬ ನಾಯಕ ಮಾತ್ರ ಈ ಹಣ ಎಲ್ಲಿಯದು ಎಂದು ಕೇಳಿ, ಅದೇ ಮೆಡೆಲಿನ್‌ನ ಬಹಿರಂಗ ಸಭೆಯಲ್ಲಿ ಅವನನ್ನು ತನ್ನ ಬಣದಿಂದ ಹೊರಹಾಕಿದ. ಎಸ್ಕೊಬಾರ್ ಇನ್ನೊಂದು ಬಣ ಸೇರಿ 1982ರಲ್ಲಿ ಕೆಳಮನೆಯ ಬದಲಿ ಸದಸ್ಯನಾಗಿ ಆರಿಸಿಬಂದ. ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದು ತೆರೆದಿರುತ್ತದೆ. ರಾಜಕೀಯದಲ್ಲಿ ಇಂಥ ಹಣಕ್ಕೆ ಎಂದೂ ಮನೆಯ ಬರವಿಲ್ಲ.

ಕಾನೂನು ಸಚಿವ ರೊಡ್ರಿಗೊ ಲಾರಾ ಬೊನಿಲ್ಲಾ ಸಂಸತ್ತಿನಲ್ಲೇ ಅವನತ್ತ ಬೆರಳು ತೋರಿಸಿದರು. ‘ಎಲ್ ಎಸ್ಪೆಕ್ಟಡೋರ್’ ಪತ್ರಿಕೆಯ ಸಂಪಾದಕ ಗಿಲೆರ್ಮೊ ಕಾನೊ ಹಳೆಯ ಸಂಚಿಕೆಗಳ ಧೂಳು ಕೊಡವಿ, 1976ರಲ್ಲಿ ಎಸ್ಕೊಬಾರ್ ಕೊಕೇನ್ ಪ್ರಕರಣದಲ್ಲಿ ಸಿಕ್ಕಿಬಿದ್ದ ಸುದ್ದಿಯನ್ನು ಮತ್ತೆ ಅಚ್ಚುಹಾಕಿದರು. ಒಂದು ಹಳೆಯ ಸುದ್ದಿಯ ತುಣುಕು! ಕೋಟ್ಯಧಿಪತಿ ರಾಜಕೀಯ ಬಿಟ್ಟು ಹೋಗಬೇಕಾಯಿತು. ಅವನು ಸೇಡು ಬಿಡಲಿಲ್ಲ. 1984ರ ಏಪ್ರಿಲ್‌ನಲ್ಲಿ ಲಾರಾ, 1986ರ ಡಿಸೆಂಬರ್‌ನಲ್ಲಿ ಕಾನೊ, 1989ರ ಆಗಸ್ಟ್ 18ರಂದು ಚುನಾವಣಾ ಸಭೆಯಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಗಲಾನ್. ಮೂವರೂ ಗುಂಡಿಗೆ ಬಲಿ.

ಇಂಥ ಗುಂಡು ಹಾರಿಸಲು ಅವನ ಪಡೆ ಹುಡುಕುತ್ತಿದ್ದದ್ದು ಮೆಡೆಲಿನ್‌ನ ಗುಡ್ಡದ ಮೇಲಿನ ಬಡಾವಣೆಗಳ ಹುಡುಗರನ್ನು. ಮೀಸೆಯೂ ಸರಿಯಾಗಿ ಮೂಡಿರದವರನ್ನು. ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಗುಂಡು ಹೊಡೆದರೆ ಅಮ್ಮನಿಗೊಂದು ಫ್ರಿಜ್ಜು ಬರುವಷ್ಟು ಕೂಲಿ. 1991ರಲ್ಲಿ ಆ ಊರಿನಲ್ಲಿ ಲಕ್ಷ ಜನಕ್ಕೆ 380ರ ಆಸುಪಾಸು ಕೊಲೆಗಳಾದವು. ಆ ಹುಡುಗರ ಮುಖ ಯಾವ ಟೀ-ಶರ್ಟಿನ ಮೇಲೂ ಇಲ್ಲ. ಧಣಿಯ ದೆಸೆಯಿಂದ ದೊರೆಯಾಗುತ್ತೇನೆಂದು ಹೊರಟವರು ಸಾಲುಸಾಲಾಗಿ ಸ್ಮಶಾನ ಸೇರಿದರು.

ಸರ್ಕಾರದ ಒಳಗಿನವರ ಕಥೆ ಇನ್ನೂ ಕಹಿ. ಗಲಾನ್ ಕೊಲೆಯಲ್ಲಿ ಪಾಲಿತ್ತೆಂದು ಎಷ್ಟೋ ವರ್ಷಗಳ ಮೇಲೆ ಶಿಕ್ಷೆಯಾದದ್ದು ಯಾರಿಗೆ ಗೊತ್ತೇ? ಒಬ್ಬ ಮಾಜಿ ಸಚಿವನಿಗೆ ಮತ್ತು ದೇಶದ ಗುಪ್ತಚರ ಸಂಸ್ಥೆಯ ಅಂದಿನ ಮುಖ್ಯಸ್ಥನಿಗೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗಲಾನ್ ಸತ್ತ ವಾರಕ್ಕೆ ಬೊಗೊಟಾದ ವಿದ್ಯಾರ್ಥಿಗಳು ಬೀದಿಗೆ ಬಂದರು. ಘೋಷಣೆ ಕೂಗಲಿಲ್ಲ, ಬಾಯಿ ಬಿಗಿದುಕೊಂಡು ನಡೆದರು. ಆ ಮೌನದಿಂದಲೇ ಹುಟ್ಟಿದ್ದು ಏಳನೇ ಚೀಟಿ. ಅಧಿಕೃತವಾಗಿ ಅದನ್ನು ಯಾರೂ ಎಣಿಸಲಿಲ್ಲ. ಆದರೆ ಲೆಕ್ಕಕ್ಕೆ ಸಿಗದ ಅದನ್ನು ಸರ್ಕಾರವೂ ನ್ಯಾಯಾಲಯವೂ ಅಲಕ್ಷಿಸಲಾಗಲಿಲ್ಲ. 1990ರ ಮೇ ತಿಂಗಳಲ್ಲಿ ಅಧಿಕೃತವಾಗಿಯೇ ಕೇಳಿದಾಗ 50 ಲಕ್ಷಕ್ಕೂ ಹೆಚ್ಚು ಜನ ಹೌದೆಂದರು. 1991ರ ಜುಲೈ 4ರಂದು ಹೊಸ ಸಂವಿಧಾನ ಬಂತು. ಹಕ್ಕಿಗೆ ಕುತ್ತು ಬಂದರೆ ಯಾವ ಸಾಮಾನ್ಯನೂ ನ್ಯಾಯಾಧೀಶರ ಮುಂದೆ ನಿಲ್ಲಬಹುದು, ಹತ್ತು ದಿನದಲ್ಲಿ ತೀರ್ಪು ಬರಬೇಕು ಎಂಬ ನಿಯಮ ಅದರಲ್ಲಿದೆ.

ಎಲ್ಲವೂ ಗೆಲುವಲ್ಲ, ಸುಳ್ಳು ಹೇಳಲಾರೆ. ಸ್ವದೇಶಿ ಆರೋಪಿಗಳನ್ನು ಅಮೆರಿಕಕ್ಕೆ ಒಪ್ಪಿಸಬಾರದೆಂಬ ಎಸ್ಕೊಬಾರ್‌ನ ಹಂಬಲವೂ ಅದೇ ಸಂವಿಧಾನದಲ್ಲಿ ನುಸುಳಿತು. ಸಭೆ ಅದನ್ನು ಅಂಗೀಕರಿಸಿದ ದಿನವೇ ಅವನು ಶರಣಾಗಿ, ತನಗೆಂದೇ ಕಟ್ಟಿದ ಐಷಾರಾಮಿ ಜೈಲಿಗೆ ಹೋದ. ಆ ವಾಕ್ಯ ಅಳಿಸಲು 1997ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ 1994ರ ಅಧ್ಯಕ್ಷೀಯ ಪ್ರಚಾರಕ್ಕೆ ಕಾಲಿ ನಗರದ ಕೊಕೇನ್ ಹಣ ಹರಿದಿತ್ತು. ಒಮ್ಮೆ ಚೀಟಿ ಹಾಕಿ ಮನೆಗೆ ಹೋಗಿ ಮಲಗುವಂತಿರಲಿಲ್ಲ.

ಈಗ ನಿಮ್ಮೂರಿನ ಬಸ್‌ಸ್ಟ್ಯಾಂಡಿಗೆ ಬನ್ನಿ. ಕಬಡ್ಡಿ ಟೂರ್ನಮೆಂಟಿನ ಫ್ಲೆಕ್ಸ್ ಇದೆ. ಪ್ರಥಮ ಬಹುಮಾನದ ಮೊತ್ತ ಕೊಟ್ಟ ‘ಅಣ್ಣ’ ಅಡಿಯಲ್ಲಿ ಕೈಮುಗಿದು ನಿಂತಿದ್ದಾನೆ. ಆ ಅಣ್ಣ ಒಳ್ಳೆಯವನೇ ಇರಬಹುದು, ಅದಕ್ಕೇ ಕೇಳಿ ನೋಡಿ: ಅಣ್ಣಾ, ದುಡ್ಡು ಎಲ್ಲಿಯದು? ಅವನ ಜೀಪಿನಲ್ಲಿ ಹತ್ತುವ ಮುಂಚೆ ಕೇಳಿ, ಹಾಸ್ಟೆಲ್ಲಿನ ಗೆಳೆಯನೊಬ್ಬ ಸಣ್ಣ ಪೊಟ್ಟಣ ಕೈಗಿಟ್ಟು ಇದನ್ನು ಆಚೆ ತಲುಪಿಸು ಎಂದಾಗಲೂ ಕೇಳಿ. ಒಬ್ಬರೇ ಕೇಳಿದರೆ ಅಪಾಯ. ಲಾರಾ ಒಂಟಿಯಾಗಿದ್ದರು, ಕಾನೊ ಒಂಟಿಯಾಗಿದ್ದರು. ನೀವು ಇಡೀ ತಂಡ ಕೂಡಿ ಕೇಳಿ.

ಅಣ್ಣ ನಾಳೆ ಚುನಾವಣೆಗೂ ನಿಲ್ಲಬಹುದು. ವಿಧಾನಸಭೆಗೆ ನಿಲ್ಲುವ ಪ್ರತಿಯೊಬ್ಬರೂ ತಮ್ಮ ಆಸ್ತಿ, ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣ ಬರೆದು ಪ್ರಮಾಣಪತ್ರ ಕೊಡಲೇಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದು ಯಾರಿಗೂ ಸಿಗುತ್ತದೆ. ಮುಂದಿನ ಚುನಾವಣೆಗೆ ಅದನ್ನು ಇಳಿಸಿಕೊಳ್ಳಿ, ಜೆರಾಕ್ಸ್ ಅಂಗಡಿಗೆ ಹೋಗಿ, ಪ್ರಕರಣಗಳಿರುವ ಪುಟವನ್ನು ನೂರು ಪ್ರತಿ ತೆಗೆಸಿ. ಕಬಡ್ಡಿ ಫೈನಲ್ ದಿನ ಮೈದಾನದ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಕೈಗೆ ಒಂದೊಂದು ಕೊಡಿ.